ಕ್ಲಿಪ್ ಆಂಗಲ್ ಜೋಡಣೆ ಕೂಡಿಬರದಿದ್ದಾಗ: ಕೆಂಪು, ಹಳದಿ ಮತ್ತು ನಂಬಲಾಗದ ಹಸಿರು

ಕ್ಲಿಪ್ ಆಂಗಲ್ ಎಂದರೆ ಒಂದು ಕಾಲನ್ನು ಬೀಮ್‌ನ ವೆಬ್‌ಗೆ (ನಡುವಿನ ನಿಂತ ಹಲಗೆಗೆ), ಇನ್ನೊಂದನ್ನು ಆಧಾರ ಕೊಡುವ ಕಾಲಮ್ ಅಥವಾ ಗರ್ಡರ್‌ಗೆ (ದೊಡ್ಡ ಬೀಮ್‌ಗೆ) ಕೊಟ್ಟು ಎರಡನ್ನೂ ಹಿಡಿದಿಡುವ ಎಲ್ ಆಕಾರದ ತುಂಡು. ಬೀಮ್‌ನ ಭಾರವನ್ನು ಆಧಾರಕ್ಕೆ ದಾಟಿಸುತ್ತದೆ, ಬೀಮ್‌ನ ತುದಿ ಸ್ವಲ್ಪ ತಿರುಗಲು ಬಿಡುತ್ತದೆ. ಕೆಲಸ ಇಷ್ಟೇ. ಆದರೂ ಉಕ್ಕಿನ ಭಾಗಗಳ ಮಾಡೆಲ್ ಮತ್ತು ತಯಾರಿಕೆಯ ಡ್ರಾಯಿಂಗ್ ಸಿದ್ಧಪಡಿಸುವ ಡೀಟೇಲಿಂಗ್ ತಂತ್ರಾಂಶದಲ್ಲಿ ಇದನ್ನು ಹೊಂದಿಸುವಾಗ ಮೂವತ್ತು ನಲವತ್ತು ಖಾನೆಗಳು ಎದುರಾಗುತ್ತವೆ. ಯಾವ ಖಾನೆಯಲ್ಲಿ ತಪ್ಪಿದೆ ಎಂದು ತಿಳಿಯದೆ ಒಂದೊಂದನ್ನೇ ಬದಲಿಸುತ್ತಾ ಹೋದರೆ ಮೊದಲಿದ್ದ ದೋಷದ ಮೇಲೆ ಇನ್ನೆರಡು ಸೇರಿಕೊಳ್ಳುತ್ತವೆ.

ಈ ಬರಹ ಕಣ್ಣಿಗೆ ಕಾಣುವ ಲಕ್ಷಣದಿಂದ ಹೊರಟು ಕಾರಣದತ್ತ ಹೋಗುತ್ತದೆ. ಪ್ರತಿ ಭಾಗದಲ್ಲೂ ಮೊದಲು ಬರುವುದು ಅರ್ಧ ನಿಮಿಷದಲ್ಲಿ ಮುಗಿಯುವ ಪರೀಕ್ಷೆ. ಮೆನು ಮತ್ತು ಬಣ್ಣಗಳ ವಿವರ ಟೆಕ್ಲಾ ಸ್ಟ್ರಕ್ಚರ್ಸ್ ಎಂಬ ಡೀಟೇಲಿಂಗ್ ತಂತ್ರಾಂಶದ್ದು. ಅಲ್ಲಿ ಪ್ರತಿ ಜೋಡಣೆಗೂ ಒಂದು ಚಿಹ್ನೆ ಇರುತ್ತದೆ: ಕೂಡಿಬಂದರೆ ಹಸಿರು, ಕೊರತೆ ಇದ್ದರೆ ಹಳದಿ, ರಚನೆಯೇ ಆಗದಿದ್ದರೆ ಕೆಂಪು. ಅಲ್ಲಿ ಒಂದು ಬೀಮ್‌ನ ಕ್ಲಿಪ್ ಆಂಗಲ್ ಜೋಡಣೆಯ ಸಂಖ್ಯೆ 141, ಎರಡು ಬದಿಯ ಬೀಮ್‌ಗಳದು 143. ಬೇರೆ ತಂತ್ರಾಂಶದಲ್ಲಿ ಖಾನೆಗಳ ಹೆಸರು ಬದಲಾಗಬಹುದು, ಉಕ್ಕಿನ ಲೆಕ್ಕ ಬದಲಾಗುವುದಿಲ್ಲ.

ಕೈ ಹಾಕುವ ಮುನ್ನ ಮಾಡೆಲ್‌ನ ಒಂದು ಪ್ರತಿ ತೆಗೆದಿಡಿ. ದೋಷ ನೂರು ಕಡೆ ಇದ್ದರೂ ಒಂದೇ ಜೋಡಣೆಯನ್ನು ಆರಿಸಿಕೊಂಡು ಅದರಲ್ಲಿ ಕಾರಣ ಹುಡುಕಿ, ಉಳಿದವುಗಳಿಗೆ ಆಮೇಲೆ ಅನ್ವಯಿಸಿ. ಆ ಭಾಗದ ಡ್ರಾಯಿಂಗ್‌ಗಳು ಈಗಾಗಲೇ ತಯಾರಿಕೆಗೆ ಹೋಗಿದ್ದರೆ ಏನನ್ನೂ ಬದಲಿಸಬೇಡಿ. ಹಾಳೆಯಲ್ಲಿ ಒಂದು, ಮಾಡೆಲ್‌ನಲ್ಲಿ ಇನ್ನೊಂದು ಎಂಬ ಸ್ಥಿತಿ ಕೆಂಪು ಚಿಹ್ನೆಗಿಂತ ಕೆಟ್ಟದ್ದು.

## ಚಿಹ್ನೆ ಕೆಂಪಾಗಿದೆ, ಆಂಗಲ್ ಬರಲೇ ಇಲ್ಲ

ಕೆಂಪು ಎಂದರೆ ಜೋಡಣೆ ರಚನೆಯಾಗಿಲ್ಲ. ಮೊದಲು ನೋಡಬೇಕಾದದ್ದು ಆಯ್ಕೆಯ ಕ್ರಮ. ಮೊದಲು ಕ್ಲಿಕ್ ಮಾಡಿದ್ದು ಮುಖ್ಯ ಭಾಗ, ಅಂದರೆ ಆಧಾರ. ಎರಡನೆಯದು ಅದರ ಮೇಲೆ ನಿಲ್ಲುವ ಬೀಮ್. ಕ್ರಮ ತಲೆಕೆಳಗಾದರೆ ಗರ್ಡರ್‌ನ ಬದಿಗೆ ಕೂಡಬೇಕಾದ ಆಂಗಲ್ ಬೀಮ್‌ನ ಬದಿಯನ್ನು ಹುಡುಕುತ್ತದೆ. ಕೆಲವೊಮ್ಮೆ ಕೆಂಪಾಗುವುದರ ಬದಲು ಗರ್ಡರ್ ಅನ್ನೇ ಕತ್ತರಿಸಿಬಿಡುತ್ತದೆ. ಹಾಗಾಗಿದ್ದರೆ ಜೋಡಣೆಯನ್ನು ಅಳಿಸಿ ಮತ್ತೆ ಹಾಕಿ.

ಕ್ರಮ ಸರಿಯಿದ್ದರೆ ಮೇಲ್ದಿಕ್ಕಿನ ಖಾನೆ ನೋಡಿ; ಜೋಡಣೆಯ ಮೇಲ್ಭಾಗ ಯಾವ ಕಡೆ ಎಂದು ಅದು ಹೇಳುತ್ತದೆ. ಕೆಂಪಿಗೆ ಸಾಮಾನ್ಯ ಕಾರಣವೆಂದು ತಂತ್ರಾಂಶದ ಕೈಪಿಡಿಯೇ ಹೇಳುವುದು ಇದನ್ನು. ಅದು ಸ್ವಯಂಚಾಲಿತವಾಗಿರಲಿ. ಯಾರೋ ಎಂದೋ ಒಂದು ಅಕ್ಷವನ್ನು ಆರಿಸಿ ಉಳಿಸಿದ ಸೆಟ್ಟಿಂಗ್ ಇಲ್ಲಿ ಬಂದು ಕುಳಿತಿರುವ ಸಾಧ್ಯತೆ ಇರುತ್ತದೆ. ಓರೆಯಾಗಿ ತಿರುಗಿಸಿದ ಕಾಲಮ್ ಇದ್ದಲ್ಲಿ ಮಾತ್ರ ಎಕ್ಸ್, ವೈ, ಝಡ್ ದಿಕ್ಕುಗಳನ್ನು ಒಂದೊಂದಾಗಿ ಪ್ರಯತ್ನಿಸಿ.

ಮೂರನೆಯದು ಪ್ರೊಫೈಲ್‌ನ ಹೆಸರು, ಅಂದರೆ ಉಕ್ಕಿನ ತುಂಡಿನ ಆಕಾರ ಮತ್ತು ಅಳತೆಯನ್ನು ಸೂಚಿಸುವ ಹೆಸರು. ಆಂಗಲ್‌ನ ಖಾನೆಯಲ್ಲಿ ಬರೆದ ಹೆಸರು ಆ ಮಾಡೆಲ್‌ನ ಪ್ರೊಫೈಲ್ ಪಟ್ಟಿಯಲ್ಲಿ ಅಕ್ಷರಶಃ ಹಾಗೆಯೇ ಇರಬೇಕು. ಒಂದು ದೇಶಕ್ಕೆಂದು ಹೊಂದಿಸಿದ ತಂತ್ರಾಂಶದಲ್ಲಿ ಉಳಿಸಿದ ಸೆಟ್ಟಿಂಗ್ ಅನ್ನು ಇನ್ನೊಂದು ದೇಶದ್ದರಲ್ಲಿ ತೆರೆದಾಗ ಗುಣಾಕಾರದ ಚಿಹ್ನೆಯೋ ಮುಂದಿನ ಅಕ್ಷರಗಳೋ ಬೇರೆಯಾಗಿ ಪ್ರೊಫೈಲ್ ಸಿಗುವುದಿಲ್ಲ. ಕೈಯಿಂದ ಟೈಪ್ ಮಾಡದೆ ಪಟ್ಟಿಯಿಂದಲೇ ಆರಿಸಿದರೆ ಈ ತೊಂದರೆ ಬರುವುದಿಲ್ಲ.

ಇಷ್ಟಾದರೂ ಕೆಂಪಾಗಿಯೇ ಉಳಿದರೆ ಬೀಮ್ ಅನ್ನೇ ಪರೀಕ್ಷಿಸಿ. ಅದು ಆಧಾರದವರೆಗೆ ಬಂದಿದೆಯೇ? ಆಧಾರವನ್ನು ದಾಟಿ ಆಚೆಗೆ ಹೋಗಿದೆಯೇ? ಹೊರಗಿನಿಂದ ತಂದ ಐಎಫ್‌ಸಿ (ತಂತ್ರಾಂಶಗಳ ನಡುವೆ ಮಾಡೆಲ್ ಹಂಚಿಕೊಳ್ಳುವ ಕಡತದ ಬಗೆ) ಮಾಡೆಲ್‌ನ ವಸ್ತುವೇ? ಹಿನ್ನೆಲೆಯಾಗಿ ಇರಿಸಿದ ಉಲ್ಲೇಖದ ಮಾಡೆಲ್‌ನ ಭಾಗಕ್ಕೆ ಜೋಡಣೆ ಹಾಕಲು ಬರುವುದಿಲ್ಲ. ಅದನ್ನು ತಂತ್ರಾಂಶದ ಸ್ವಂತ ಬೀಮ್ ಆಗಿ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೂ ಪ್ರೊಫೈಲ್ ನಿಜವಾದ ಐ ಆಕಾರವಾಗಿದೆಯೇ ಎಂದು ನೋಡಿಕೊಳ್ಳಿ. ಮೂರು ಪ್ಲೇಟ್‌ಗಳ ಗುಚ್ಛದಲ್ಲಿ ವೆಬ್ ಯಾವುದು, ಫ್ಲ್ಯಾಂಜ್ (ಮೇಲೆ ಕೆಳಗಿನ ಅಡ್ಡ ಹಲಗೆ) ಯಾವುದು ಎಂದು ಜೋಡಣೆಗೆ ಗೊತ್ತಾಗುವುದಿಲ್ಲ.

## ಆಂಗಲ್ ಬಂದಿದೆ, ಚಿಹ್ನೆ ಹಳದಿಯಾಗಿದೆ

ಅತಿ ಹೆಚ್ಚು ಸಮಯ ತಿನ್ನುವ ಲಕ್ಷಣ ಇದೇ. ಅತಿ ಹೆಚ್ಚು ಜನ ಕಣ್ಣುಮುಚ್ಚಿ ಮುಂದೆ ಹೋಗುವುದೂ ಇಲ್ಲಿಯೇ. ಹಳದಿ ಎಂದರೆ ಜೋಡಣೆ ರಚನೆಯಾಗಿದೆ, ಆದರೆ ಏನೋ ಕೊರತೆ ಇದೆ. ಬಹಳ ಸಲ ಆ ಕೊರತೆ ಬೋಲ್ಟ್‌ನಿಂದ ಅಂಚಿನವರೆಗಿನ ಅಂತರದ್ದು.

ಮೊದಲು ಅಳತೆಯ ಘಟಕ ನೋಡಿ. ಮೂರು ಇಂಚು ಎಂದುಕೊಂಡು ಬರೀ 3 ಎಂದು ಬರೆದರೆ, ಮಿಲಿಮೀಟರ್ ಮಾಡೆಲ್‌ನಲ್ಲಿ ಬೋಲ್ಟ್‌ಗಳು 3 ಮಿ.ಮೀ. ಅಂತರದಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಆಮೇಲೆ ಬೋಲ್ಟ್ ಅಂತರಗಳ ಸಂಖ್ಯೆ ಎಣಿಸಿ. ನಾಲ್ಕು ಬೋಲ್ಟ್‌ಗಳ ನಡುವೆ ಇರುವುದು ಮೂರು ಅಂತರ. ಆದ್ದರಿಂದ ಖಾನೆಯಲ್ಲಿ ನಡುವೆ ಜಾಗ ಬಿಟ್ಟು 75 75 75 ಎಂದು ಮೂರು ಸಂಖ್ಯೆ ಇರಬೇಕು.

ಇನ್ನು ಅಂಚುಗಳು. ಒಂದು ಕ್ಲಿಪ್ ಆಂಗಲ್‌ನಲ್ಲಿ ಅಂಚಿನ ಅಂತರ ನಾಲ್ಕು ಕಡೆ ಬೇರೆ ಬೇರೆಯಾಗಿ ಪರೀಕ್ಷೆಗೆ ಒಳಗಾಗುತ್ತದೆ: ಆಂಗಲ್‌ನ ಮೇಲೆ ಮತ್ತು ಕೆಳಗೆ, ಆಂಗಲ್‌ನ ಕಾಲಿನ ತುದಿಯಲ್ಲಿ, ಬೀಮ್‌ನ ವೆಬ್‌ನ ತುದಿಯಲ್ಲಿ, ಅಡ್ಡ ಬರುವ ಭಾಗಕ್ಕೆ ಜಾಗ ಬಿಡಲು ಬೀಮ್‌ನ ತುದಿಯಲ್ಲಿ ನಾಚ್ (ಕಚ್ಚು) ಕತ್ತರಿಸಿದ್ದರೆ ಅದರ ಅಂಚಿನಲ್ಲಿ. ಮೊದಲ ಎರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದು ಆಂಗಲ್‌ನ ಹಿಂದೆ ಮರೆಯಾಗಿರುವುದರಿಂದ ತಪ್ಪಿಹೋಗುತ್ತದೆ.

ಒಂದು ಲೆಕ್ಕ ನೋಡೋಣ. ಆಂಗಲ್‌ನ ಮೂಲೆಯಿಂದ ಬೋಲ್ಟ್ ಸಾಲಿಗೆ ಇರುವ ಅಂತರ, ಅಂದರೆ ಗೇಜ್, 65 ಮಿ.ಮೀ. ಇರಲಿ. ಆಧಾರದ ಮುಖದಿಂದ ಬೀಮ್‌ನ ತುದಿಯನ್ನು 12 ಮಿ.ಮೀ. ಹಿಂದೆ ನಿಲ್ಲಿಸಿದರೆ ಬೋಲ್ಟ್‌ನಿಂದ ವೆಬ್‌ನ ತುದಿಗೆ 53 ಮಿ.ಮೀ. ಉಳಿಯುತ್ತದೆ; ಚಿಂತೆಯಿಲ್ಲ. ಅದೇ ಆಂಗಲ್ ಚಿಕ್ಕದಾಗಿ ಗೇಜ್ 45 ಆಗಿ, ಬೀಮ್‌ನ ತುದಿ ಹಿಂದೆ ನಿಲ್ಲುವ ಅಂತರವನ್ನು 20ಕ್ಕೆ ಏರಿಸಿದರೆ ಉಳಿಯುವುದು 25 ಮಾತ್ರ. ಉಕ್ಕಿನ ನಿರ್ಮಾಣದ ಭಾರತೀಯ ಮಾನದಂಡ ಐಎಸ್ 800:2007ರ ಪ್ರಕಾರ 20 ಮಿ.ಮೀ. ಬೋಲ್ಟ್‌ಗೆ ರಂಧ್ರ 22 ಮಿ.ಮೀ. ಗರಗಸದಿಂದ ಕೊಯ್ದ ಅಂಚಿಗೆ ರಂಧ್ರದ ವ್ಯಾಸದ 1.5 ಪಟ್ಟು, ಅಂದರೆ 33 ಮಿ.ಮೀ. ಬೇಕು. ಷಿಯರ್ ಯಂತ್ರದಿಂದ ಅಥವಾ ಕೈಯಿಂದ ಗ್ಯಾಸ್ ಹಾಯಿಸಿ ಕತ್ತರಿಸಿದ ಅಂಚಿಗೆ 1.7 ಪಟ್ಟು, ಅಂದರೆ 37.4 ಮಿ.ಮೀ. ಅಮೆರಿಕದ ಉಕ್ಕು ನಿರ್ಮಾಣ ಸಂಸ್ಥೆ ಎಐಎಸ್‌ಸಿಯ ಮಾನದಂಡದಲ್ಲಿ ಅದೇ ಬೋಲ್ಟ್‌ಗೆ ಕನಿಷ್ಠ 26 ಮಿ.ಮೀ. ಅಂದರೆ 35 ಮಿ.ಮೀ. ಅಂಚು ಒಂದು ಕಡೆ ಧಾರಾಳ, ಇನ್ನೊಂದು ಕಡೆ ಕತ್ತರಿಸುವ ವಿಧಾನವನ್ನು ಕೇಳಿದ ಮೇಲೆ ಹೇಳಬೇಕಾದ ಮಾತು. ಯೋಜನೆ ಯಾವ ಮಾನದಂಡದ್ದು ಎಂದು ತಿಳಿಯದೆ ಅಂಚಿನ ಅಂತರವನ್ನು ಮುಟ್ಟಬೇಡಿ.

ಎತ್ತರದ ಲೆಕ್ಕವೂ ಹೀಗೆಯೇ. ಬೀಮ್‌ನ ಆಳ 300 ಮಿ.ಮೀ., ಫ್ಲ್ಯಾಂಜ್‌ನ ದಪ್ಪ 13, ವೆಬ್ ಮತ್ತು ಫ್ಲ್ಯಾಂಜ್ ಕೂಡುವ ಮೂಲೆಯ ದುಂಡು 14 ಎಂದಿಟ್ಟುಕೊಳ್ಳಿ. ಎರಡೂ ಕಡೆ 27ರಂತೆ ಕಳೆದರೆ ಸಮತಟ್ಟಾದ ವೆಬ್ ಉಳಿಯುವುದು 246 ಮಿ.ಮೀ. 75ರ ಅಂತರದಲ್ಲಿ ಮೂರು ಬೋಲ್ಟ್, ಎರಡೂ ತುದಿಗೆ 35 ಅಂಚು ಎಂದರೆ ಆಂಗಲ್ 220 ಉದ್ದ, ಕೂರುತ್ತದೆ. ನಾಲ್ಕು ಬೋಲ್ಟ್ ಎಂದರೆ 295. ಎಷ್ಟು ಸೆಟ್ಟಿಂಗ್ ಬದಲಿಸಿದರೂ ಕೂರುವುದಿಲ್ಲ. ಆಂಗಲ್‌ನ ಉದ್ದ ಈ ಸಮತಟ್ಟು ಭಾಗದ ಅರ್ಧಕ್ಕಿಂತ ಕಡಿಮೆಯೂ ಆಗಬಾರದು ಎಂದು ಎಐಎಸ್‌ಸಿ ಕೈಪಿಡಿ ಹೇಳುತ್ತದೆ, ಇಲ್ಲದಿದ್ದರೆ ಬೀಮ್ ಪಕ್ಕಕ್ಕೆ ಹೊರಳುವುದನ್ನು ತಡೆಯುವ ಹಿಡಿತ ಸಾಲುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹಳದಿಯನ್ನು ಹಸಿರು ಮಾಡುವ ಅತಿ ಸುಲಭದ ದಾರಿ ಒಂದು ಬೋಲ್ಟ್ ತೆಗೆಯುವುದು ಅಥವಾ ಬೋಲ್ಟ್‌ಗಳನ್ನು ಒತ್ತಿ ಹತ್ತಿರ ತರುವುದು. ದಯವಿಟ್ಟು ಹಾಗೆ ಮಾಡಬೇಡಿ. ಆ ಬೋಲ್ಟ್‌ಗಳ ಸಂಖ್ಯೆಯನ್ನು ನಿರ್ಧರಿಸಿದ್ದು ಬೀಮ್ ಹೊರುವ ಭಾರ. ಬೋಲ್ಟ್‌ನಿಂದ ಬೋಲ್ಟ್‌ಗೆ ವ್ಯಾಸದ 2.5 ಪಟ್ಟು ಕನಿಷ್ಠ ಎಂದು ಐಎಸ್ 800 ಹೇಳುತ್ತದೆ, ಎಐಎಸ್‌ಸಿ 2⅔ ಪಟ್ಟು ಎನ್ನುತ್ತದೆ. ಆ ಮಿತಿಯೊಳಗಿನ ಬದಲಾವಣೆಯನ್ನೂ ವಿನ್ಯಾಸ ಎಂಜಿನಿಯರ್ ಒಪ್ಪಬೇಕು.

## ಮೌಲ್ಯ ಬದಲಿಸಿದರೂ ಮಾಡೆಲ್ ಕದಲುವುದಿಲ್ಲ

ಖಾನೆಯ ಪಕ್ಕದ ಗುರುತುಪೆಟ್ಟಿಗೆಯಲ್ಲಿ ಟಿಕ್ ಇದೆಯೇ ನೋಡಿ. ಟಿಕ್ ಇಲ್ಲದ ಖಾನೆಯ ಮೌಲ್ಯವನ್ನು ಮಾಡಿಫೈ ಆಜ್ಞೆ ಮಾಡೆಲ್‌ಗೆ ಕೊಂಡೊಯ್ಯುವುದಿಲ್ಲ. ಬಹಳ ಜನರಿಗೆ ಉತ್ತರ ಇಲ್ಲೇ ಸಿಗುತ್ತದೆ. ಎರಡನೆಯದಾಗಿ, ನೀವು ಆರಿಸಿದ್ದು ಜೋಡಣೆಯ ಚಿಹ್ನೆಯನ್ನೋ, ಅದರೊಳಗಿನ ಆಂಗಲ್ ತುಂಡನ್ನೋ? ಆಯ್ಕೆಯ ಸ್ವಿಚ್ ಬಿಡಿ ವಸ್ತುಗಳ ಮೇಲಿದ್ದರೆ ನಿಮ್ಮ ಬದಲಾವಣೆ ಜೋಡಣೆಯನ್ನು ತಲುಪುವುದಿಲ್ಲ.

ಮೌಲ್ಯ ಒಂದು ಕ್ಷಣ ಬದಲಾಗಿ ಮತ್ತೆ ಹಳೆಯದಕ್ಕೆ ಮರಳಿದರೆ ಜನರಲ್ ಪುಟದ ಆಟೋಡಿಫಾಲ್ಟ್ಸ್ ನಿಯಮಗುಂಪಿನ ಮೇಲೆ ಅನುಮಾನ ಪಡಿ. ನಿಯಮವೊಂದು ಬೀಮ್‌ನ ಆಳ ನೋಡಿಕೊಂಡು ತನ್ನದೇ ಮೌಲ್ಯವನ್ನು ತರುತ್ತಿರುತ್ತದೆ. ಅದೇ ಪುಟದಲ್ಲಿ ಬೀಗ ಹಾಕುವ ಆಯ್ಕೆಯೂ ಇದೆ. ಯಾರಾದರೂ ಉದ್ದೇಶಪೂರ್ವಕವಾಗಿ ಬೀಗ ಹಾಕಿದ್ದರೆ ತೆರೆಯುವ ಮುನ್ನ ಅವರನ್ನು ಕೇಳಿ. ಚಿಹ್ನೆಯೇ ಕಾಣದಿದ್ದರೆ ಜೋಡಣೆಯನ್ನು ಒಡೆದು ಬಿಡಿ ಭಾಗಗಳಾಗಿ ಮಾಡಿರಬಹುದು. ಆಗ ಸೆಟ್ಟಿಂಗ್‌ಗಳಿಗೆ ಅರ್ಥವಿಲ್ಲ, ಆ ತುಂಡುಗಳನ್ನು ಅಳಿಸಿ ಜೋಡಣೆಯನ್ನು ಹೊಸದಾಗಿ ಹಾಕುವುದೇ ಲೇಸು.

ನೀವು ಏನನ್ನೂ ಬರೆಯದ ಖಾನೆಗೆ ಎಲ್ಲಿಂದಲೋ ಬೋಲ್ಟ್ ಗಾತ್ರ ಬರುತ್ತಿದ್ದರೆ ಅದು ಜಾಯಿಂಟ್ಸ್.ಡೆಫ್ ಕಡತದ ಮೂಲ ಮೌಲ್ಯ. ಆ ಕಡತವನ್ನು ಒಬ್ಬರ ಕಂಪ್ಯೂಟರ್‌ನಲ್ಲಿ ಮಾತ್ರ ತಿದ್ದಿದರೆ ಒಂದೇ ಯೋಜನೆಯಲ್ಲಿ ಇಬ್ಬರಿಗೆ ಎರಡು ಬಗೆಯ ಜೋಡಣೆ ಬರುತ್ತದೆ. ತಿದ್ದುವುದಾದರೆ ಯೋಜನೆಯ ಎಲ್ಲರಿಗೂ ಸೇರಿದ ಫೋಲ್ಡರ್‌ನಲ್ಲಿ, ಹೊಣೆ ಹೊತ್ತವರೇ ತಿದ್ದಬೇಕು.

## ಆಂಗಲ್ ಇದೆ, ಬೋಲ್ಟ್ ಇಲ್ಲ

ಮೊದಲು ನೋಟದ ಸೆಟ್ಟಿಂಗ್‌ನಲ್ಲಿ ಬೋಲ್ಟ್ ಮರೆಯಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ರಂಧ್ರ ಕಾಣುತ್ತಿದ್ದು ಬೋಲ್ಟ್ ಮಾತ್ರ ಇಲ್ಲದಿದ್ದರೆ, ಬೋಲ್ಟ್ ಗುಂಪಿನಲ್ಲಿ ಬೋಲ್ಟ್, ವಾಷರ್, ನಟ್ ಎಲ್ಲದರ ಟಿಕ್ ತೆಗೆದು ಬರೀ ರಂಧ್ರ ಉಳಿಸಿರಬಹುದು.

ರಂಧ್ರ ಆಂಗಲ್‌ನಲ್ಲಿದೆ, ಗರ್ಡರ್‌ನ ವೆಬ್‌ನಲ್ಲಿ ಇಲ್ಲ ಎಂದಾದರೆ ಕಟ್ ಲೆಂಗ್ತ್ ನೋಡಿ. ಬೋಲ್ಟ್ ತಾನು ಹಾದುಹೋಗುವ ಭಾಗಗಳನ್ನು ಎಷ್ಟು ಆಳದವರೆಗೆ ಹುಡುಕಬೇಕು ಎಂಬುದನ್ನು ಆ ಅಳತೆ ಹೇಳುತ್ತದೆ. ಕಡಿಮೆಯಾದರೆ ದಪ್ಪ ವೆಬ್ ತಪ್ಪಿಹೋಗುತ್ತದೆ, ಅತಿಯಾದರೆ ಸಂಬಂಧವಿಲ್ಲದ ಹಿಂದಿನ ಪ್ಲೇಟ್‌ಗೂ ರಂಧ್ರ ಬೀಳುತ್ತದೆ. ಈ ಎರಡನೆಯ ತಪ್ಪು ತೆರೆಯ ಮೇಲೆ ಸುಲಭವಾಗಿ ಕಾಣುವುದಿಲ್ಲ, ಕಾರ್ಖಾನೆಯಲ್ಲಿ ಕಾಣುತ್ತದೆ. ಕೊನೆಯ ಸಾಧ್ಯತೆ ಬೋಲ್ಟ್ ಪಟ್ಟಿಯದು: ನೀವು ಕೇಳಿದ ಮಾನದಂಡ, ವ್ಯಾಸ, ಉದ್ದ ಮೂರೂ ಸೇರಿದ ಬೋಲ್ಟ್ ಅದರಲ್ಲಿ ಇಲ್ಲದಿದ್ದರೆ ಬೋಲ್ಟ್ ಹುಟ್ಟುವುದಿಲ್ಲ. ಪಟ್ಟಿಗೆ ಹೊಸ ಬೋಲ್ಟ್ ಸೇರಿಸುವ ಮುನ್ನ ಆ ಉದ್ದದ ಬೋಲ್ಟ್ ನಿಜವಾಗಿಯೂ ಸಿಗುತ್ತದೆಯೇ ಎಂದು ಕೊಳ್ಳುವವರನ್ನು ಕೇಳಿ.

## ಬೀಮ್‌ನ ಫ್ಲ್ಯಾಂಜ್ ಗರ್ಡರ್‌ಗೆ ಡಿಕ್ಕಿ ಹೊಡೆಯುತ್ತಿದೆ, ಅಥವಾ ನಾಚ್ ಅತಿಯಾಗಿದೆ

ನಾಚ್ ಪುಟದ ಖಾನೆಗಳನ್ನು ಖಾಲಿ ಬಿಟ್ಟು ಸ್ವಯಂಚಾಲಿತ ನಾಚ್ ಏನು ಮಾಡುತ್ತದೆ ಎಂದು ಮೊದಲು ನೋಡಿ. ಕೈಯಿಂದ ಅಳತೆ ಕೊಡುವ ನಾಚ್ ಇರುವುದು, ಜೋಡಣೆಗೆ ಸೇರದ ಬೇರೊಂದು ಭಾಗ ಬೀಮ್‌ಗೆ ಅಡ್ಡ ಬಂದಾಗ ಬಳಸಲು. ಎರಡನ್ನೂ ಒಟ್ಟಿಗೆ ತುಂಬಿದರೆ ಯಾವ ಕಡಿತ ಎಲ್ಲಿಂದ ಬಂತು ಎಂದು ತಿಳಿಯದಾಗುತ್ತದೆ.

ನಾಚ್‌ನ ಆಳ ಬೀಮ್‌ನ ಆಳದ ಅರ್ಧವನ್ನು ಅಥವಾ ಉದ್ದ ಬೀಮ್‌ನ ಆಳದ ಎರಡರಷ್ಟನ್ನು ದಾಟುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಮೇಲಿನ ಫ್ಲ್ಯಾಂಜ್ ಕಡಿದ ಬೀಮ್‌ನ ಬಲವನ್ನು ಅಳೆಯುವ ರೂಢಿಯ ಸೂತ್ರಗಳು ಆ ಮಿತಿಯೊಳಗೆ ಮಾತ್ರ ನಿಲ್ಲುತ್ತವೆ. ಅದರಾಚೆ ವೆಬ್ ಬಾಗುವ ಅಪಾಯವಿದ್ದು ಎಂಜಿನಿಯರ್ ಬಲವರ್ಧನೆ ಸೂಚಿಸಬೇಕಾಗುತ್ತದೆ. ಒಳಮೂಲೆಗೆ ದುಂಡು ಇದೆಯೇ ಎಂಬುದನ್ನೂ ನೋಡಿ. ಚೂಪು ಮೂಲೆಯಿಂದ ಬಿರುಕು ಹೊರಡುತ್ತದೆ.

ಎರಡು ಆಂಗಲ್‌ಗಳನ್ನು ಮೊದಲೇ ಕಾಲಮ್‌ಗೆ ಬೆಸೆದು, ಬೀಮ್‌ನ ವೆಬ್ ಅನ್ನು ಮೇಲಿನಿಂದ ಅವುಗಳ ನಡುವೆ ಇಳಿಸುವ ಬಗೆಯಲ್ಲಿ ಇನ್ನೊಂದು ತೊಡಕಿದೆ. ತೆರೆಯ ಮೇಲೆ ಎಲ್ಲವೂ ಒಪ್ಪವಾಗಿರುತ್ತದೆ, ಭಾಗಗಳು ಒಂದಕ್ಕೊಂದು ಡಿಕ್ಕಿಯಾಗಿವೆಯೇ ಎಂದು ನೋಡುವ ಕ್ಲ್ಯಾಶ್ ಪರೀಕ್ಷೆಯೂ ಏನನ್ನೂ ಹೇಳುವುದಿಲ್ಲ. ಆದರೆ ಕೆಳಗಿನ ಫ್ಲ್ಯಾಂಜ್ ಕತ್ತರಿಸದಿದ್ದರೆ ಬೀಮ್ ಇಳಿಯುವಾಗ ಆಂಗಲ್‌ಗಳ ತಲೆಗೆ ತಗುಲಿ ಅಲ್ಲೇ ನಿಲ್ಲುತ್ತದೆ. ತಂತ್ರಾಂಶ ಪರೀಕ್ಷಿಸುವುದು ಬೀಮ್ ಕುಳಿತ ಜಾಗವನ್ನು, ಅದು ಬರುವ ದಾರಿಯನ್ನಲ್ಲ. ದಾರಿಯನ್ನು ನೀವೇ ಕಲ್ಪಿಸಿಕೊಳ್ಳಬೇಕು.

ಕಾಲಮ್‌ನ ವೆಬ್‌ಗೆ ಕೂಡಿಸುವಾಗ ಅಗಲವನ್ನೂ ಕೂಡಿ ನೋಡಿ. 200 ಮಿ.ಮೀ. ಆಳದ ಕಾಲಮ್‌ನಲ್ಲಿ ಫ್ಲ್ಯಾಂಜ್ 15, ದುಂಡು 13 ಎಂದರೆ ಸಮತಟ್ಟು ಜಾಗ 144. ಎರಡು 75ರ ಕಾಲುಗಳು, ನಡುವೆ 8ರ ವೆಬ್ ಸೇರಿ 158. ಕೂರುವುದಿಲ್ಲ. ಆಂಗಲ್ ಚಿಕ್ಕದು ಮಾಡಿದರೆ ಬೋಲ್ಟ್ ಬಿಗಿಯುವ ಉಪಕರಣಕ್ಕೆ ಜಾಗ ಸಾಲುವುದಿಲ್ಲ. ಒಂದೇ ಆಂಗಲ್‌ಗೆ ಅಥವಾ ಷಿಯರ್ ಪ್ಲೇಟ್‌ಗೆ (ಆಂಗಲ್ ಬದಲು ಆಧಾರಕ್ಕೆ ಬೆಸೆಯುವ ಒಂದೇ ಹಲಗೆಗೆ) ಬದಲಿಸಬಹುದೇ ಎಂದು ಬರೆದು ಕೇಳುವುದು ಸರಿಯಾದ ದಾರಿ.

## ಒಂದೇ ವೆಬ್‌ಗೆ ಎರಡು ಬದಿಯಿಂದ ಬೀಮ್, ಬೋಲ್ಟ್‌ಗಳು ಜೋಡಿಜೋಡಿಯಾಗಿ ಬಂದಿವೆ

ಕಾರಣ ಸಾಮಾನ್ಯವಾಗಿ ಸರಳ: ಎರಡು ಬದಿಗೂ 141 ಅನ್ನು ಬೇರೆ ಬೇರೆಯಾಗಿ ಹಾಕಿರುತ್ತಾರೆ. ಪ್ರತಿಯೊಂದೂ ತನ್ನ ಬೋಲ್ಟ್‌ಗಳನ್ನು ತರುತ್ತದೆ, ಒಂದೇ ರಂಧ್ರದಲ್ಲಿ ಎರಡು ಬೋಲ್ಟ್ ನಿಲ್ಲುತ್ತವೆ, ಪಟ್ಟಿಯಲ್ಲಿ ಲೆಕ್ಕ ಇಮ್ಮಡಿಯಾಗುತ್ತದೆ, ಬೋಲ್ಟ್‌ನ ಉದ್ದವೂ ಗಿಡ್ಡವಾಗುತ್ತದೆ. ಎರಡನ್ನೂ ಅಳಿಸಿ 143 ಹಾಕಿ. ಮೊದಲು ಆಧಾರ, ಆಮೇಲೆ ಎರಡು ಬೀಮ್‌ಗಳು, ಕೊನೆಗೆ ಮೌಸ್‌ನ ನಡುವಿನ ಗುಂಡಿ.

ಇಷ್ಟಕ್ಕೆ ಚಿಹ್ನೆ ಹಸಿರಾಗುತ್ತದೆ. ಆದರೆ ಜೀವಕ್ಕೆ ಸಂಬಂಧಿಸಿದ ಪರೀಕ್ಷೆ ಇಲ್ಲಿಂದ ಶುರುವಾಗುತ್ತದೆ. ಎರಡು ಬೀಮ್‌ಗಳು ಒಂದೇ ಬೋಲ್ಟ್‌ಗಳನ್ನು ಹಂಚಿಕೊಂಡಿರುವಾಗ, ಸೈಟ್‌ನಲ್ಲಿ ಮೊದಲ ಬೀಮ್ ಕೂರಿಸಿ ಬೋಲ್ಟ್ ಬಿಗಿದಿರುತ್ತಾರೆ. ಎರಡನೆಯದನ್ನು ತರುವಾಗ ಅದೇ ಬೋಲ್ಟ್‌ಗಳನ್ನು ಬಿಚ್ಚಬೇಕಾಗುತ್ತದೆ. ಆ ಹೊತ್ತಿನಲ್ಲಿ ಮೊದಲ ಬೀಮ್ ಯಾವುದರ ಮೇಲೂ ಭದ್ರವಾಗಿ ನಿಂತಿರುವುದಿಲ್ಲ, ಅದರ ಮೇಲೆ ಕೆಲಸಗಾರ ಇರಬಹುದು. ಇದಕ್ಕಾಗಿಯೇ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮ 1926.756, ಕಾಲಮ್‌ನ ವೆಬ್‌ನ ಎರಡೂ ಬದಿಗೆ ಅಥವಾ ಕಾಲಮ್‌ನ ಮೇಲೆ ಹಾಯುವ ಬೀಮ್‌ನ ವೆಬ್‌ಗೆ ಹೀಗೆ ಜೋಡಿಸುವಾಗ ಮೊದಲ ಬೀಮ್‌ನ ಕನಿಷ್ಠ ಒಂದು ಬೋಲ್ಟ್ ಬಿಗಿದ ನಟ್‌ನೊಂದಿಗೆ ಬಿಚ್ಚದೆ ಉಳಿಯಲೇಬೇಕು, ಇಲ್ಲವೇ ಕೆಳಗೆ ಸೀಟ್ ಅಥವಾ ಅದಕ್ಕೆ ಸಮನಾದ ಆಧಾರ ಇರಬೇಕು ಎನ್ನುತ್ತದೆ.

ಮಾಡೆಲ್‌ನಲ್ಲಿ ಇದನ್ನು ಎರಡು ಬಗೆಯಲ್ಲಿ ಸಾಧಿಸಬಹುದು. ಒಂದು ಬದಿಯ ಆಂಗಲ್‌ಗಳನ್ನು ಒಂದು ಬೋಲ್ಟ್ ಸಾಲಿನಷ್ಟು ಸರಿಸುವುದು ಅಥವಾ ಉದ್ದ ಮಾಡುವುದು. ಇಲ್ಲವೇ ಎರಡನೆಯ ಬದಿಯ ಆಂಗಲ್‌ನ ಮೂಲೆ ಕತ್ತರಿಸಿ, ಆ ಜಾಗದ ಬೋಲ್ಟ್ ಮೊದಲ ಬೀಮ್‌ಗೆ ಮಾತ್ರ ಸೇರುವಂತೆ ಮಾಡುವುದು. ಯಾವ ಬದಿಯ ಬೀಮ್ ಮೊದಲು ಏರುತ್ತದೆ ಎಂದು ಸೈಟ್‌ನಲ್ಲಿ ಉಕ್ಕು ಏರಿಸುವ ಎರೆಕ್ಷನ್ ತಂಡದಿಂದ ತಿಳಿದುಕೊಂಡ ಮೇಲೆಯೇ ಇದನ್ನು ನಿರ್ಧರಿಸಿ. ನಿಮ್ಮ ಯೋಜನೆ ಈ ನಿಯಮದ ವ್ಯಾಪ್ತಿಗೆ ಬರದಿದ್ದರೂ ಹೀಗೆಯೇ ಮಾಡಿ ಎಂದು ನಾನು ಹೇಳುತ್ತೇನೆ. ಒಂದು ಸಾಲು ಬೋಲ್ಟ್‌ನ ಖರ್ಚು ಚಿಕ್ಕದು.

## ಮಾಡೆಲ್ ಸರಿಯಿದೆ, ಡ್ರಾಯಿಂಗ್ ತಪ್ಪಾಗಿದೆ

ಒಂದೇ ಬಗೆಯ ಭಾಗಗಳಿಗೆ ಒಂದೇ ಗುರುತು ಕೊಡುವ ನಂಬರಿಂಗ್ ಓಡಿಸಿ, ಆಮೇಲೆ ನೋಡಿ. ಒಂದೇ ಬಗೆಯ ಆಂಗಲ್‌ಗಳಿಗೆ ಹತ್ತು ಗುರುತುಗಳು ಬಂದಿದ್ದರೆ ಎರಡನ್ನು ಆರಿಸಿ ಹೋಲಿಕೆಯ ಆಜ್ಞೆ ಕೊಡಿ. ರಂಧ್ರದ ಜಾಗದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಸಿಗಬಹುದು. ಅದರ ಮೂಲ ಆಂಗಲ್‌ನಲ್ಲಿ ಇರುವುದಿಲ್ಲ, ನೇರವಾಗಿ ಎಳೆಯದ ಬೀಮ್‌ನಲ್ಲಿ ಇರುತ್ತದೆ. ನಂಬರಿಂಗ್ ಒಪ್ಪಿಕೊಳ್ಳುವ ವ್ಯತ್ಯಾಸದ ಮಿತಿಯನ್ನು ಹಿಗ್ಗಿಸಿ ಮುಚ್ಚುವ ಬದಲು ಬೀಮ್ ಸರಿಪಡಿಸಿ.

ಆಂಗಲ್ ಬೀಮ್‌ನ ಜೊತೆ ಕಾರ್ಖಾನೆಯಿಂದ ಹೋಗಬೇಕಿತ್ತು, ಡ್ರಾಯಿಂಗ್‌ನಲ್ಲಿ ಬಿಡಿಯಾಗಿ ಬಂದಿದೆ ಎಂದರೆ ಬೀಮ್ ಕಡೆಯ ಬೋಲ್ಟ್ ಅಥವಾ ವೆಲ್ಡ್ ಸೈಟ್‌ನದು ಎಂದು ಗುರುತಾಗಿದೆ. ಅದನ್ನು ವರ್ಕ್‌ಶಾಪ್‌ಗೆ ಬದಲಿಸಿ. ತಿರುಗುಮುರುಗಾಗಿದ್ದರೆ ಆಂಗಲ್‌ಗಳು ಕಾಲಮ್‌ನ ಜೊತೆ ಹೋಗಿಬಿಡುತ್ತವೆ.

## ಕೈ ನಿಲ್ಲಿಸಿ ಎಂಜಿನಿಯರ್‌ಗೆ ಬರೆಯಬೇಕಾದ ಸಂದರ್ಭಗಳು

ಬೀಮ್ ತುಂಬ ಓರೆಯಾಗಿ ಬಂದು ಆಂಗಲ್ ಅನ್ನು ಬಗ್ಗಿಸಬೇಕಾದಾಗ. ಬೀಮ್‌ನಲ್ಲಿ ಉದ್ದುದ್ದದ ಎಳೆತ ಇದ್ದಾಗ, ಏಕೆಂದರೆ ಆಗ ಆಂಗಲ್‌ನ ಕಾಲು ತೆರೆದುಕೊಳ್ಳಲು ನೋಡುತ್ತದೆ. ಭಾರ ಹೆಚ್ಚೆಂದು ಆಂಗಲ್‌ನ ದಪ್ಪವನ್ನು 16 ಮಿ.ಮೀ. ಮೀರಿಸಬೇಕು ಎನಿಸಿದಾಗ, ಏಕೆಂದರೆ ಅತಿ ದಪ್ಪದ ಆಂಗಲ್ ಬೀಮ್‌ನ ತುದಿ ತಿರುಗದಂತೆ ಹಿಡಿದು ಲೆಕ್ಕಕ್ಕೆ ಬಾರದ ಬಾಗುಬಲವನ್ನು ಆಧಾರಕ್ಕೆ ತರುತ್ತದೆ. ಉಕ್ಕು ಈಗಾಗಲೇ ಕತ್ತರಿಸಿಯಾಗಿದ್ದಾಗ. ಸೈಟ್‌ನಿಂದ ರಂಧ್ರ ಕೂಡುತ್ತಿಲ್ಲ ಎಂದು ಸುದ್ದಿ ಬಂದಾಗ. ಗ್ಯಾಸ್‌ನಿಂದ ರಂಧ್ರ ಹಿಗ್ಗಿಸಲು ನೀವು ಒಪ್ಪಿಗೆ ಕೊಡಬೇಡಿ, ಆ ಅಧಿಕಾರ ಡೀಟೇಲರ್‌ಗೆ ಇಲ್ಲ.

ಬರೆಯುವಾಗ ಜೋಡಣೆಯ ಚಿತ್ರ, ಬೀಮ್ ಮತ್ತು ಆಧಾರದ ಗುರುತು, ವಿನ್ಯಾಸದ ಹಾಳೆಯಲ್ಲಿ ಕೊಟ್ಟ ಭಾರ, ಕೂರದ ಅಳತೆ, ನೀವು ಸೂಚಿಸುವ ಒಂದು ಪರ್ಯಾಯ ಇವಿಷ್ಟನ್ನೂ ಒಂದೇ ಪುಟದಲ್ಲಿ ಕೊಡಿ. ಉತ್ತರ ಬರುವವರೆಗೆ ಆ ಜೋಡಣೆ ಹಳದಿಯಾಗಿಯೇ ಇರಲಿ.